ಮಾಞಿಫಿಕಾತ್ ಹಾಡಿಸುವುದು ಹೇಗೆ: ಚಾಂಟ್ ಮತ್ತು ಪಾಲಿಫನಿ ಸೇರುವ ಸಂಧ್ಯಾ ಗೀತೆಗೆ ಸಮಗ್ರ ಮಾರ್ಗದರ್ಶಿ

ಮೇಲಿನಿಂದ ಕೆಳಕ್ಕೆ ಸೊಪ್ರಾನೊ, ಆಲ್ಟೊ, ಟೆನರ್, ಬೇಸ್: ನಾಲ್ಕೂ ಧ್ವನಿಯವರಿಗೆ ತಮ್ಮ ತಮ್ಮ ಭಾಗ ಬಾಯಿಪಾಠ. ಒಂದೂವರೆ ತಿಂಗಳ ಪ್ರಾಕ್ಟೀಸ್ ಆಗಿದೆ. ಮೊದಲ ಚರಣದ ಚಾಂಟ್, ಅಂದರೆ ಎಲ್ಲರೂ ಒಂದೇ ಧಾಟಿಯಲ್ಲಿ ಹೇಳುವ ಭಾಗ, ಮುಗಿಯಿತು, ಹಾಡು ನಡೆಸುವ ಕಂಡಕ್ಟರ್ ಕೈ ಎತ್ತಿದರು. ಟೆನರ್‌ಗಳು ಒಂದು ಸ್ವರ ಹಿಡಿದರು, ಆಲ್ಟೊಗಳು ಇನ್ನೊಂದು. ಬೇಸ್‌ನವರು ಸುಮ್ನೆ ನಿಂತರು.

ಇದು ನಮ್ಮ ಕಾಯರ್‌ನಲ್ಲೇ, ಅಂದರೆ ಚರ್ಚಿನ ಗಾಯಕವೃಂದದಲ್ಲೇ, ಆಗಿದ್ದು. ಆಮೇಲೆ ಬೇರೆ ಕಾಯರ್‌ಗಳವರ ಜೊತೆ ಮಾತಾಡಿದಾಗ ಎಲ್ಲರದ್ದೂ ಹೆಚ್ಚುಕಡಿಮೆ ಇದೇ ಕಥೆ. ಒಂದೊಂದು ಧ್ವನಿಯವರು ಬೇರೆ ಬೇರೆ ಸ್ವರಸಾಲು ಒಟ್ಟಿಗೆ ಹಾಡುವುದು ಪಾಲಿಫನಿ. ಕಷ್ಟ ಅನ್ನಿಸುವ ಅದಕ್ಕೇ ಎಲ್ಲ ಸಮಯ ಕೊಡುತ್ತಾರೆ. ಚಾಂಟ್ ಸುಲಭ, ಕೊನೇ ವಾರ ನೋಡಿಕೊಂಡರಾಯಿತು ಅಂದುಕೊಳ್ಳುತ್ತಾರೆ. ಕೆಡುವುದು ಎರಡೂ ಕೂಡುವ ಜಾಗದಲ್ಲಿ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಕ್ರಮ ತಿರುಗಾಮುರುಗಾ ಆಗಿದೆ: ಮೊದಲು ಪಠ್ಯ, ಆಮೇಲೆ ಚಾಂಟ್, ಅದಾದ ಮೇಲೇ ಪಾಲಿಫನಿ.

ಯಾವ ಹಾಡಿನ ಮಾತು ಇದು ಅಂದರೆ, ಲೂಕನ ಸುವಾರ್ತೆಯ 1ನೇ ಅಧ್ಯಾಯದ 46ರಿಂದ 55ರವರೆಗಿನ ಮರಿಯಳ ಸ್ತುತಿಗೀತೆ. ಕಥೋಲಿಕರ ಸಂಧ್ಯಾ ಪ್ರಾರ್ಥನೆಯಲ್ಲಿ, ಅಂದರೆ ವೆಸ್ಪರ್ಸ್‌ನಲ್ಲಿ, ದಿನಾ ಬರುತ್ತದೆ. 10 ಚರಣ, ಕೊನೆಗೆ 'ಗ್ಲೋರಿಯಾ ಪಾತ್ರಿ' (ತಂದೆಗೆ ಮಹಿಮೆ ಅನ್ನುವ ಸ್ತುತಿ) 2 ಚರಣ ಸೇರಿ ಒಟ್ಟು 12. 16ನೇ ಶತಮಾನದ ರಚನೆಗಳಲ್ಲಿ ಸಾಮಾನ್ಯವಾಗಿ ಅರ್ಧ ಚರಣಗಳಿಗೆ ಮಾತ್ರ ಪಾಲಿಫನಿ ಇರುತ್ತದೆ. ಉಳಿದ ಅರ್ಧ ಒಂದೇ ಧ್ವನಿಯ ಚಾಂಟ್. ಒಂದು ಇದು, ಒಂದು ಅದು.

## ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದ್ದು

ಒಂದು ಟ್ಯೂನಿಂಗ್ ಫೋರ್ಕ್ ಅಥವಾ ಪಿಚ್ ಪೈಪ್. ಒಂದು ಶ್ರುತಿಪೆಟ್ಟಿಗೆ, ಫೋನಿನಲ್ಲಿರುವ ತಂಬೂರಿ ಆ್ಯಪ್ ಆದರೂ ನಡೆಯುತ್ತದೆ. ತಲೆಗೊಂದು ಪೆನ್ಸಿಲ್. ಪೆನ್ ಬೇಡ, ಯಾಕೆಂದರೆ ಗುರುತು ಹಾಕಿ ಅಳಿಸುವುದು ಜಾಸ್ತಿ ಇರುತ್ತದೆ. ಕೀಬೋರ್ಡ್ ಇರಲಿ, ಆದರೆ ಸ್ವರ ಹುಡುಕಲು ಮಾತ್ರ. ಅದನ್ನು ಹಾಡಿನ ಜೊತೆ ನುಡಿಸುತ್ತಾ ಕಲಿಸಬೇಡಿ. ಕಾರಣ 6ನೇ ಹಂತದಲ್ಲಿ ಇದೆ.

ಸಮಯ: ವಾರಕ್ಕೆ ಒಂದೂವರೆ ಗಂಟೆಯಂತೆ 6 ವಾರ. ಸ್ಟಾಫ್ ನೊಟೇಶನ್ (ಐದು ಗೆರೆಯ ಮೇಲೆ ಬರೆದ ಸ್ವರಲಿಪಿ) ಓದಲು ಬಾರದವರು ಅರ್ಧಕ್ಕಿಂತ ಹೆಚ್ಚಿದ್ದರೆ 8 ವಾರ ಇಟ್ಟುಕೊಳ್ಳಿ.

## 1. ಆಂಟಿಫನ್ ನೋಡಿ, ಆಮೇಲೆ ಕೃತಿ ಆರಿಸಿ

ಮೊದಲ ತಪ್ಪು ಇಲ್ಲೇ ಆಗುತ್ತದೆ. ಯೂಟ್ಯೂಬಿನಲ್ಲಿ ಕೇಳಿದ್ದು ಚೆನ್ನಾಗಿತ್ತು ಅಂತ ಕೃತಿ ಇಳಿಸಿಕೊಳ್ಳುತ್ತಾರೆ. ಮಾಞಿಫಿಕಾತ್‌ನ ಹಿಂದೆ ಮುಂದೆ ಆಂಟಿಫನ್ ಅಂತ ಒಂದು ಚಿಕ್ಕ ಹಾಡು ಇರುತ್ತದೆ, ಪಲ್ಲವಿಯ ಥರ. ಅದು ಆಯಾ ದಿನಕ್ಕೆ ಬೇರೆ ಬೇರೆ. ಅದು ಯಾವ ಮೋಡ್‌ನಲ್ಲಿದೆಯೋ (ಮೋಡ್ ಅಂದರೆ ನಮ್ಮ ಮೇಳದಂಥ ಸ್ವರವ್ಯವಸ್ಥೆ) ಸ್ತುತಿಗೀತೆಯೂ ಅದೇ ಸಂಖ್ಯೆಯ ಟೋನ್‌ನಲ್ಲಿ, ಅಂದರೆ ಚರಣ ಹೇಳುವ ಧಾಟಿಯಲ್ಲಿ, ಇರಬೇಕು. ಟೋನ್‌ಗಳು ಒಟ್ಟು 8.

ಉದಾಹರಣೆಗೆ ಕ್ರಿಸ್ಮಸ್ ದಿನದ ಸಂಜೆಯ ಆಂಟಿಫನ್ 'ಓದಿಯೆ ಕ್ರಿಸ್ತುಸ್ ನಾತುಸ್ ಎಸ್ತ್' 1ನೇ ಮೋಡ್‌ನಲ್ಲಿದೆ. ಹಾಗಾಗಿ ಆ ದಿನಕ್ಕೆ 'ಪ್ರೀಮಿ ತೋನಿ', ಅಂದರೆ 1ನೇ ಟೋನ್‌ನ ಕೃತಿ ಬೇಕು. ಮೊದಲ ಸಲ ಮಾಡುವವರಿಗೆ ನನ್ನ ಸಲಹೆಯೂ 1ನೇ ಟೋನೇ. ಮುಂದಿನ ಉದಾಹರಣೆಗಳೆಲ್ಲ ಅದರವೇ.

ಎಲ್ಲಿ ಹುಡುಕುವುದು? ಇಟಲಿಯ ಸಂಗೀತ ರಚನಕಾರ ಪಾಲೆಸ್ತ್ರೀನಾ 1591ರಲ್ಲಿ ರೋಮ್‌ನಲ್ಲಿ ಅಚ್ಚು ಹಾಕಿಸಿದ ಮಾಞಿಫಿಕಾತ್‌ಗಳ ಸಂಪುಟದಲ್ಲಿ 8 ಟೋನ್‌ಗಳಿಗೂ ಎರಡೆರಡು ರಚನೆಗಳಿವೆ. ಒಂದರಲ್ಲಿ ಬೆಸ ಚರಣಗಳಿಗೆ ಪಾಲಿಫನಿ, ಇನ್ನೊಂದರಲ್ಲಿ ಸಮ ಚರಣಗಳಿಗೆ. ಸ್ಪೇನಿನ ರಚನಕಾರ ವಿಕ್ಟೋರಿಯಾ 1581ರಲ್ಲಿ ತಂದ ಸಂಪುಟವೂ ಇದೇ ಲೆಕ್ಕದ್ದು. ನೀವು ಸಮ ಚರಣಗಳದ್ದನ್ನೇ ತೆಗೆದುಕೊಳ್ಳಿ. ಆಗ 'ಮಾಞಿಫಿಕಾತ್' ಅನ್ನುವ ಮೊದಲ ಸಾಲು ಚಾಂಟ್‌ನಲ್ಲಿ ಬರುತ್ತದೆ, ಪಾಲಿಫನಿ 'ಎತ್ ಎಕ್ಸುಲ್ತಾವಿತ್'ನಿಂದ ಶುರುವಾಗುತ್ತದೆ. ಮುಗಿಯುವುದು ಪಾಲಿಫನಿಯಲ್ಲೇ.

ಹಕ್ಕುಮುಕ್ತ ಪ್ರತಿಗಳು ಸಿಪಿಡಿಎಲ್ ಮತ್ತು ಐಎಂಎಸ್‌ಎಲ್‌ಪಿ ತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ. ಒಂದೇ ಕೃತಿಗೆ ನಾಲ್ಕೈದು ಆವೃತ್ತಿಗಳಿರಬಹುದು, ಒಂದೊಂದೂ ಬೇರೆ ಬೇರೆ ಶ್ರುತಿಗೆ ಬರೆದದ್ದು. ಪಿಡಿಎಫ್ ಒಬ್ಬರೇ ಇಳಿಸಿ, ಪ್ರಿಂಟ್ ತೆಗೆಸಿ ಎಲ್ಲರಿಗೂ ಹಂಚಿ. 'ಲಿಂಕ್ ಹಾಕಿದೀನಿ, ನೀವೇ ತಗೊಳ್ಳಿ' ಅಂತ ವಾಟ್ಸಾಪ್‌ನಲ್ಲಿ ಬಿಟ್ಟರೆ ಮೊದಲ ಪ್ರಾಕ್ಟೀಸ್‌ಗೆ ಮೂರು ಥರದ ಪ್ರತಿ ಬರುತ್ತದೆ. ಅನುಭವದ ಮಾತು.

## 2. ಗಂಟಲುಗಳ ಲೆಕ್ಕ ಹಾಕಿ, ಸ ಎಲ್ಲಿ ಅಂತ ತೀರ್ಮಾನಿಸಿ

ಧ್ವನಿಗೆ ಇಬ್ಬರಂತೆ 8 ಜನ ಇದ್ದರೆ ಸಾಕು. 12 ಜನ ಇದ್ದರೆ ನಿರಾಳ. ಆದರೆ ಪ್ರತಿಯ ಕೊನೇ ಪುಟ ಮೊದಲೇ ತಿರುಗಿಸಿ ನೋಡಿ. 16ನೇ ಶತಮಾನದ ಎಷ್ಟೋ ಮಾಞಿಫಿಕಾತ್‌ಗಳಲ್ಲಿ ನಡುವಿನ ಒಂದು ಚರಣಕ್ಕೆ ಧ್ವನಿ ಕಡಿಮೆಯಾಗುತ್ತದೆ, ಕೊನೆಯ 'ಸಿಕುತ್ ಎರಾತ್'ಗೆ ಒಂದೆರಡು ಧ್ವನಿ ಹೆಚ್ಚುತ್ತದೆ. ಟೆನರ್ ಇಬ್ಬರೇ ಇದ್ದು ಕೊನೆಯ ಚರಣದಲ್ಲಿ ಟೆನರ್ ಭಾಗವೇ ಎರಡಾಗಿ ಒಡೆದರೆ ತಲೆಗೊಂದು ಭಾಗ ಬಂತು ಅಂತಲೇ ಅರ್ಥ. ಅದು ಐದನೇ ವಾರದಲ್ಲಿ ಗೊತ್ತಾಗಬಾರದು.

ಆಲ್ಟೊ ಭಾಗದ ಬಗ್ಗೆ ಎಚ್ಚರ. ಆ ಕಾಲದಲ್ಲಿ ಅದನ್ನು ಹಾಡುತ್ತಿದ್ದವರು ಗಂಡಸರು. ಹಾಗಾಗಿ ನಮ್ಮ ಹೆಣ್ಣುಮಕ್ಕಳಿಗೆ ಅದು ಆಗಾಗ ತೀರಾ ಕೆಳಗೆ ಇಳಿಯುತ್ತದೆ. ಎತ್ತರದ ಟೆನರ್ ಒಬ್ಬರನ್ನು ಆಲ್ಟೊಗಳ ಪಕ್ಕ ನಿಲ್ಲಿಸಿದರೆ ಆ ಕಡೆಗಳಲ್ಲಿ ಧ್ವನಿ ಮುಳುಗುವುದಿಲ್ಲ.

ಈಗ ಶ್ರುತಿ. 1ನೇ ಟೋನ್ ಡಿ ಸ್ವರವನ್ನು ಆಧಾರ ಮಾಡಿಕೊಂಡದ್ದು. ಆದರೆ ಪಾಲಿಫನಿಯಲ್ಲಿ ಅದನ್ನು ಒಂದು ಫ್ಲಾಟ್ (ಸ್ವರವನ್ನು ಅರ್ಧ ಮೆಟ್ಟಿಲು ಇಳಿಸುವ ಗುರುತು) ಹಾಕಿ ಜಿ-ಗೆ ಏರಿಸಿ ಬರೆದಿರುವುದು ತುಂಬಾ ಸಾಮಾನ್ಯ. ಚಾಂಟ್ ಪುಸ್ತಕದಲ್ಲಿ ಡಿ, ಪಾಲಿಫನಿಯಲ್ಲಿ ಜಿ. ಎರಡನ್ನೂ ಬರೆದ ಹಾಗೇ ಹಾಡಿದರೆ ಸೇರುವುದಿಲ್ಲ. ಮೇಲೆ ಹೇಳಿದ ನಮ್ಮ ಅವಾಂತರದ ಅರ್ಧ ಕಾರಣ ಇದೇ.

ಇಲ್ಲಿ ಸರಿಗಮ ಬಲ್ಲವರಿಗೆ ಒಂದು ಅನುಕೂಲ ಇದೆ. ಡಿ, ಜಿ ಅನ್ನುವುದನ್ನೇ ಬಿಡಿ. ಆಧಾರ ಸ್ವರವನ್ನು ಸ ಅನ್ನಿ. ಆಗ ಚಾಂಟ್‌ನಲ್ಲಿ ಸಾಲುದ್ದಕ್ಕೂ ನಿಂತು ಹೇಳುವ ಸ್ವರ ಯಾವಾಗಲೂ ಪ. ಸ ಎಲ್ಲಿಟ್ಟರೂ ಪ ಪ-ನೇ. ಕಾಯರ್ ಸರಿಗಮದಲ್ಲಿ ಚಾಂಟ್ ಕಲಿತರೆ ಪಾಲಿಫನಿಯ ಶ್ರುತಿಗೆ ಅದನ್ನು ಎತ್ತಿ ಇಡುವುದು ಒಂದು ನಿಮಿಷದ ಕೆಲಸ.

ಜಿ-ಯಲ್ಲಿ ಸ ಇಟ್ಟರೆ ಪ ಅಂದರೆ ಡಿ. ಗಂಡಸರು ಆರು ಚರಣ ಅಲ್ಲೇ ನಿಂತು ಹೇಳಿದರೆ ಗಂಟಲು ಬಿಗಿಯುತ್ತದೆ. ಇಡೀ ಕೃತಿಯನ್ನೇ ಒಂದು ಮೆಟ್ಟಿಲು ಇಳಿಸಿ ಎಫ್‌ನಲ್ಲಿ ಹಾಡಿ. ಪ್ರತಿ ಬದಲಿಸಬೇಕಿಲ್ಲ, ಶ್ರುತಿ ಕೊಡುವವರು ಕೆಳಗೆ ಕೊಟ್ಟರಾಯಿತು. ಬೇಸ್‌ನವರ ಅತಿ ಕೆಳಗಿನ ಸ್ವರ ಕೇಳುತ್ತದೆಯಾ ಅಂತ ಮಾತ್ರ ನೋಡಿಕೊಳ್ಳಿ.

## 3. ಲ್ಯಾಟಿನ್ ಬಾಯಿಗೆ ಬರಲಿ, ಸ್ವರ ಆಮೇಲೆ

ಮೊದಲ ವಾರ ಯಾರೂ ಹಾಡುವುದು ಬೇಡ. 12 ಚರಣಗಳನ್ನೂ ಕನ್ನಡ ಲಿಪಿಯಲ್ಲಿ ಬರೆದು ಕೊಟ್ಟು ಗಟ್ಟಿಯಾಗಿ ಓದಿಸಿ. ಚರ್ಚಿನ ಲ್ಯಾಟಿನ್ ಉಚ್ಚಾರಕ್ಕೆ ನಮ್ಮ ಲಿಪಿ ಇಂಗ್ಲಿಷಿಗಿಂತ ಎಷ್ಟೋ ಚೆನ್ನಾಗಿ ಹೊಂದುತ್ತದೆ. ಶಾಲೆಯಲ್ಲಿ ಕಲಿತು ಮರೆತ ಞ ಇಲ್ಲಿ ಕೊನೆಗೂ ಕೆಲಸಕ್ಕೆ ಬರುತ್ತದೆ: ಮಾಞಿಫಿಕಾತ್. 'ಮ್ಯಾಗ್ನಿಫಿಕಟ್' ಅಲ್ಲ.

ಕೆಲವು ಪದ ಹೀಗೆ ಬರೆಸಿ: ಎಚ್ಚೆ ಎನಿಮ್, ಆಂಚಿಲ್ಲೆ ಸುಎ, ಜೆನೆರಾತ್ಸಿಯೋನೆಸ್, ಫೇಚಿತ್, ಬ್ರಾಕಿಯೋ, ಸುಶೇಪಿತ್, ಸೇಕುಲಾ. ಹ-ಕಾರ ಉಚ್ಚಾರವಾಗುವುದಿಲ್ಲ: ಉಮಿಲಿತಾತೆಮ್, ಓಕ್. 4ನೇ ಚರಣದ ಒಂದು ಪದ ಮಾತ್ರ ಹೊರತು. ಅದು 'ಮಿಹಿ' ಅಲ್ಲ, ಮಿಕಿ.

ನಮ್ಮವರು ಎಡವುವ ಜಾಗಗಳು ಇಟಲಿಯವರು ಎಡವುವ ಜಾಗಗಳಲ್ಲ. ನಾಲ್ಕು ವಿಷಯ ಗಮನಿಸಿ.

ಮೊದಲನೆಯದು ಕೊನೆಯ ಉ-ಕಾರ. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ನಮ್ಮ ನಾಲಿಗೆ ತಾನಾಗಿಯೇ ಒಂದು ಉ ಅಂಟಿಸುತ್ತದೆ. ಬಸ್ ಬಸ್ಸು ಆದ ಹಾಗೆ ಮಾಞಿಫಿಕಾತ್ 'ಮಾಞಿಫಿಕಾತು' ಆಗುತ್ತದೆ. ಒಬ್ಬರು ಹಾಡಿದರೆ ಗೊತ್ತಾಗುವುದಿಲ್ಲ. ಹನ್ನೆರಡು ಜನ ಸೇರಿ ಹಾಡಿದಾಗ ಸಾಲಿನ ಕೊನೆಗೆ ಬಾಲ ಬಂದಂತೆ ಕೇಳುತ್ತದೆ.

ಎರಡನೆಯದು ಪದದ ಶುರುವಿನ ಎ ಮತ್ತು ಒ. 'ಎತ್ ಎಕ್ಸುಲ್ತಾವಿತ್' ನಮ್ಮ ಬಾಯಲ್ಲಿ 'ಯೆತ್ ಯೆಕ್ಸುಲ್ತಾವಿತ್'. 'ಓಮ್ನೆಸ್' ನಮಗೆ 'ವೋಮ್ನೆಸ್'. ಎಲೆಯನ್ನು ಯೆಲೆ, ಒಲೆಯನ್ನು ವೊಲೆ ಅನ್ನುವ ಅಭ್ಯಾಸ ಇದು. ಬಾಯಿ ಮೊದಲೇ ತೆರೆದಿಟ್ಟು ಸ್ವರ ಶುರು ಮಾಡಿ ಅಂತ ಹೇಳಿ, ಸರಿಹೋಗುತ್ತದೆ. 2ನೇ ಚರಣದ ಮೊದಲ ಪದವೇ 'ಎತ್'. ನಾಲ್ಕು ಧ್ವನಿಯವರು ಒಬ್ಬರಾದ ಮೇಲೆ ಒಬ್ಬರು 'ಯೆತ್' ಅಂತ ಬಂದರೆ ನಗು ಬರುತ್ತದೆ.

ಮೂರನೆಯದು ಇಂಗ್ಲಿಷ್ ಮೀಡಿಯಂ ಚಾಳಿ: ಟ, ಡ. ಲ್ಯಾಟಿನ್‌ನಲ್ಲಿ ತ, ದ. 'ದೇಓ' ಅನ್ನಬೇಕು, 'ಡಿಯೋ' ಅಲ್ಲ. ಕನ್ನಡದಲ್ಲಿ ಎರಡೂ ಇವೆ, ಆದರೂ ಇಂಗ್ಲಿಷ್ ಅಕ್ಷರ ಕಂಡ ತಕ್ಷಣ ನಾಲಿಗೆ ಮೇಲಕ್ಕೆ ಮಡಚಿಕೊಳ್ಳುತ್ತದೆ. ಕನ್ನಡ ಲಿಪಿಯಲ್ಲಿ ಬರೆದು ಕೊಡಿ ಅಂದದ್ದು ಇದಕ್ಕೂ ಸೇರಿ.

ನಾಲ್ಕನೆಯದು ಒತ್ತು. ನಮಗೆ ದೀರ್ಘ, ಹ್ರಸ್ವ ಗೊತ್ತು, ಒತ್ತು ಅಷ್ಟಾಗಿ ಗೊತ್ತಿಲ್ಲ. ಪ್ರತಿ ಪದದಲ್ಲೂ ಒತ್ತು ಬೀಳುವ ಅಕ್ಷರದ ಕೆಳಗೆ ಗೆರೆ ಎಳೆಸಿ. ಮುಂದಿನ ಹಂತ ಪೂರ್ತಿ ಇದರ ಮೇಲೇ ನಿಂತಿದೆ.

ಅರ್ಥವನ್ನೂ ಪಕ್ಕದಲ್ಲೇ ಬರೆಯಿರಿ. 7ನೇ ಚರಣ 'ಬಲ್ಲಿದರನ್ನು ಗದ್ದುಗೆಯಿಂದ ಇಳಿಸಿದ, ದೀನರನ್ನು ಮೇಲೆತ್ತಿದ' ಅಂತ ಗೊತ್ತಿದ್ದವರು ಹಾಡುವ ರೀತಿಯೇ ಬೇರೆ.

## 4. ಚಾಂಟ್: ಇಲ್ಲಿ ಎರಡು ವಾರ ಕಳೆಯಿರಿ

ಶ್ರುತಿಪೆಟ್ಟಿಗೆ ಹಾಕಿ, ಸ-ಪ ಇಡಿ. ಇಡೀ ಕಾಯರ್ ಚಾಂಟ್ ಕಲಿಯಲಿ, ಆ ದಿನ ಹಾಡುವವರು ನಾಲ್ಕೇ ಜನ ಆದರೂ.

1ನೇ ಟೋನ್‌ನ ಸರಳ ರೂಪದಲ್ಲಿ ಒಂದು ಚರಣಕ್ಕೆ ನಾಲ್ಕು ಭಾಗ: ಏರುವ ಶುರು, ಪ-ದಲ್ಲಿ ನಿಂತು ಹೇಳುವುದು, ನಡುವಿನ ನಿಲುಗಡೆ, ಕೊನೆ. ಶುರು ಎರಡು ಅಕ್ಷರದಲ್ಲಿ ಮುಗಿಯುತ್ತದೆ: ಮೊದಲ ಅಕ್ಷರಕ್ಕೆ ಗ, ಎರಡನೆಯದಕ್ಕೆ ಮ-ಪ ಜೋಡಿಸಿ, ಅಲ್ಲಿಂದ ಪ. ಇಲ್ಲಿ ಗ ಅಂದರೆ ಸಾಧಾರಣ ಗಾಂಧಾರ. ನಡುವಿನ ನಿಲುಗಡೆ ದ-ಪ-ಮ-ಪ, ಅದರಲ್ಲಿ ದ ಮತ್ತು ಮ ಒತ್ತಿನ ಅಕ್ಷರಗಳ ಮೇಲೇ ಬೀಳಬೇಕು.

3ನೇ ಚರಣದ ಮೊದಲರ್ಧ ಬಿಡಿಸಿ ನೋಡೋಣ. 'ಕ್ವಿ'ಗೆ ಗ. 'ಆ'ಗೆ ಮ-ಪ. 'ರೆಸ್ಪೆಕ್ಸಿತ್ ಉಮಿಲಿತಾತೆಮ್ ಆನ್' ಎಲ್ಲವೂ ಪ. 'ಚಿಲ್'ಗೆ ದ. 'ಲೆ'ಗೆ ಪ. 'ಸು'ಗೆ ಮ. ಕೊನೆಯ 'ಎ'ಗೆ ಪ. ಅಷ್ಟೇ.

7ನೇ ಚರಣದಲ್ಲಿ ಒಂದು ಅಕ್ಷರ ಹೆಚ್ಚಿದೆ. 'ದೆಪೋಸುಯಿತ್ ಪೋತೆಂತೆಸ್ ದೆ ಸೇದೆ': 'ತೆನ್'ಗೆ ದ, 'ತೆಸ್'ಗೆ ಪ, ಆ ಹೆಚ್ಚಿನ 'ದೆ'ಗೂ ಪ, 'ಸೇ'ಗೆ ಮ, 'ದೆ'ಗೆ ಪ. ಅಕ್ಷರ ಹೆಚ್ಚಾದರೆ ಸ್ವರ ಹೊಸದು ಬರುವುದಿಲ್ಲ, ಪ-ವೇ ಇನ್ನೊಮ್ಮೆ ಬರುತ್ತದೆ. ಇದು ಒಮ್ಮೆ ತಲೆಗೆ ಹೊಕ್ಕರೆ ಉಳಿದ ಚರಣಗಳನ್ನು ಕಾಯರ್‌ನವರೇ ಬಿಡಿಸುತ್ತಾರೆ. ಬಿಡಿಸಲಿ ಬಿಡಿ. ನೀವು ಹೇಳಿಕೊಟ್ಟದ್ದಕ್ಕಿಂತ ಅವರೇ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದು ನೆನಪಲ್ಲಿ ಉಳಿಯುತ್ತದೆ.

ಮೊದಲ ಚರಣ ಮಾತ್ರ ಬೇರೆ. ಅದರ ಮೊದಲರ್ಧ 'ಮಾಞಿಫಿಕಾತ್' ಅನ್ನುವ ಒಂದೇ ಪದ. ನಡುವಿನ ನಿಲುಗಡೆಗೆ ಜಾಗವೇ ಇಲ್ಲ. ಏರಿ ಪ-ದಲ್ಲಿ ನಿಂತು ಮುಂದೆ ಹೋಗಬೇಕು.

ಬೈಬಲಿನ ಕೀರ್ತನೆಗಳ ಚಾಂಟ್ ಗೊತ್ತಿದ್ದವರು ಇಲ್ಲೊಂದು ತಪ್ಪು ಮಾಡುತ್ತಾರೆ. ಕೀರ್ತನೆಯಲ್ಲಿ ಏರುವ ಶುರು ಮೊದಲ ಚರಣಕ್ಕೆ ಮಾತ್ರ, ಆಮೇಲೆ ನೇರ ಪ-ದಿಂದ. ಮಾಞಿಫಿಕಾತ್‌ನಲ್ಲಿ ಹಾಗಲ್ಲ. ಪ್ರತಿ ಚರಣಕ್ಕೂ ಗ, ಮ-ಪ ಬರಲೇಬೇಕು.

ಕೊನೆಯ ಭಾಗಕ್ಕೆ 1ನೇ ಟೋನ್‌ನಲ್ಲೇ ಹಲವು ರೂಪಗಳಿವೆ. ಯಾವುದು ಅಂತ ಆಂಟಿಫನ್‌ನ ಕೊನೆಯಲ್ಲಿ ಅಚ್ಚಾಗಿರುತ್ತದೆ: ಸಣ್ಣ ಸ್ವರಗಳ ಕೆಳಗೆ ಎ, ಉ, ಓ, ಉ, ಆ, ಎ ಅಂತ ಆರು ಅಕ್ಷರ. ಯಾವುದೋ ಗುಪ್ತಭಾಷೆ ಅಂದುಕೊಂಡು ಅದನ್ನೂ ಹಾಡಿದ ಕಾಯರ್ ಇದೆ. 'ಸೇಕುಲೋರುಮ್ ಆಮೆನ್' ಅನ್ನುವುದರ ಸ್ವರಾಕ್ಷರಗಳು ಅವು. ಚರಣದ ಕೊನೆ ಈ ಸ್ವರಗಳಲ್ಲಿ ಮುಗಿಸಿ ಅಂತ ಸೂಚನೆ, ಅಷ್ಟೇ.

ಚಾಂಟ್ ಸರಿಯಿಲ್ಲ ಅನ್ನುವುದರ ಲಕ್ಷಣ: ಪ-ದಲ್ಲಿ ನಿಂತಾಗ ತಾಳ ಕೇಳಿಸುತ್ತಿದ್ದರೆ ತಪ್ಪು. ಅಕ್ಷರಗಳು ಮಾತಿನ ಓಟದಲ್ಲಿ ಹೋಗಬೇಕು. ಇನ್ನೊಂದು, ಸಾಲಿನ ನಡುವೆ ನಕ್ಷತ್ರ ಚಿಹ್ನೆ ಇರುವಲ್ಲಿ ಒಂದು ಉಸಿರಿನಷ್ಟು ನಿಲ್ಲಬೇಕು. ಹೊಸಬರು ಅಲ್ಲಿ ಓಡುತ್ತಾರೆ, ಚರಣದ ಕೊನೆಯಲ್ಲಿ ನಿಲ್ಲುತ್ತಾರೆ. ಆಗಬೇಕಾದ್ದು ತದ್ವಿರುದ್ಧ.

## 5. ಪಾಲಿಫನಿ

ಚಾಂಟ್ ಬಾಯಿಗೆ ಬಂದ ಮೇಲೆ ಪಾಲಿಫನಿಯ ಪ್ರತಿ ತೆರೆದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಗ-ಮ-ಪ ಏರಿಕೆ, ಪ-ದ ಮೇಲಿನ ನಿಲುವು, ದ-ಪ-ಮ-ಪ, ಇವೇ ಬೇರೆ ಬೇರೆ ಧ್ವನಿಗಳಲ್ಲಿ ಹರಿದು ಹಂಚಿಹೋಗಿವೆ. ಕಂಡಲ್ಲೆಲ್ಲ ಪೆನ್ಸಿಲ್‌ನಲ್ಲಿ ಸುತ್ತು ಹಾಕಿಸಿ. ಸುತ್ತು ಹಾಕಿದ ಭಾಗ ಎದ್ದು ಕೇಳಬೇಕು, ಉಳಿದದ್ದು ಅದರ ಹಿಂದೆ. ಯಾರು ಜೋರಾಗಿ ಹಾಡಬೇಕು ಅನ್ನುವ ಜಗಳ ಇಲ್ಲಿಗೆ ಮುಗಿಯುತ್ತದೆ.

ಕಲಿಯುವ ಕ್ರಮ: ಮೊದಲು ಎಲ್ಲ ಧ್ವನಿಯವರೂ ಸೇರಿ ಪಠ್ಯವನ್ನು ತಾಳದಲ್ಲಿ ಓದುವುದು, ಸ್ವರ ಇಲ್ಲದೆ. ಆಮೇಲೆ ಬೇಸ್ ಮತ್ತು ಸೊಪ್ರಾನೊ ಜೋಡಿ. ಆಮೇಲೆ ಟೆನರ್ ಮತ್ತು ಆಲ್ಟೊ ಜೋಡಿ. ಕೊನೆಗೆ ನಾಲ್ಕೂ. ಒಂದೊಂದೇ ಧ್ವನಿಯನ್ನು ಅರ್ಧ ಗಂಟೆ ಹಾಡಿಸಿ ಉಳಿದವರನ್ನು ಮೊಬೈಲ್ ನೋಡಲು ಬಿಟ್ಟರೆ ಪ್ರಾಕ್ಟೀಸ್ ಕೆಟ್ಟಿತು ಅಂತಲೇ ಲೆಕ್ಕ.

ಬಾರ್ ಗೆರೆಗಳನ್ನು, ಅಂದರೆ ಸ್ವರಗಳನ್ನು ಸಮ ಭಾಗಗಳಾಗಿ ಒಡೆಯುವ ನೆಟ್ಟಗಿನ ಗೆರೆಗಳನ್ನು, ನಂಬಬೇಡಿ. ಮೂಲದಲ್ಲಿ ಅವು ಇರಲಿಲ್ಲ. ಓದಲು ಅನುಕೂಲ ಅಂತ ಈಗಿನ ಸಂಪಾದಕರು ಹಾಕಿದ್ದು. ಗೆರೆಯಾದ ಮೇಲಿನ ಮೊದಲ ಸ್ವರವನ್ನು ಆದಿತಾಳದ ಮೊದಲ ಪೆಟ್ಟಿನಂತೆ ಒತ್ತಿದರೆ ಪದ ಮುರಿಯುತ್ತದೆ. ಒತ್ತು ಪದ ಹೇಳಿದ ಕಡೆ ಬೀಳಲಿ. ಟೆನರ್‌ನವರ ಒತ್ತು ಒಂದು ಕಡೆ, ಆಲ್ಟೊಗಳದ್ದು ಇನ್ನೊಂದು ಕಡೆ ಬಿದ್ದರೆ ಗಾಬರಿ ಬೇಡ, ಅದು ಹಾಗೇ ಇರಬೇಕು. ಕೈ ಒಂದೇ ಸಮನೆ ಇಳಿದು ಏರುತ್ತಿರಲಿ, ಸಾಕು.

ಸ್ವರದ ಮೇಲೆ ಸಣ್ಣದಾಗಿ ಶಾರ್ಪ್ ಅಥವಾ ಫ್ಲಾಟ್ ಅಚ್ಚಾಗಿರುವುದು ಕಾಣುತ್ತದೆ. ಇದಕ್ಕೆ ಮ್ಯೂಸಿಕಾ ಫಿಕ್ತಾ ಅನ್ನುತ್ತಾರೆ. ಆ ಕಾಲದ ಗಾಯಕರು ಬರೆಯದಿದ್ದರೂ ಹಾಡುತ್ತಿದ್ದ ಬದಲಾವಣೆ ಇದು. ಎಲ್ಲೆಲ್ಲಿ ಅನ್ನುವುದು ಸಂಪಾದಕರ ತೀರ್ಮಾನ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, 1ನೇ ಮೋಡ್‌ನ ಸ್ವರಗಳು ಖರಹರಪ್ರಿಯದವು, ಚಾಂಟ್‌ನ ನಿಲುಗಡೆಯಲ್ಲಿ ಮಾತ್ರ ದ ಇಳಿದು ಶುದ್ಧ ಧೈವತ ಆಗುತ್ತದೆ. ಸಾಲು ಸ-ದಲ್ಲಿ ನಿಲ್ಲುವಾಗ ಅದರ ಹಿಂದಿನ ಕೈಶಿಕಿ ನಿಷಾದ ಏರಿ ಕಾಕಲಿ ಆಗುತ್ತದೆ. ಕೊನೆಯ ಸ್ವರಮೇಳದಲ್ಲಿ, ಅಂದರೆ ಎಲ್ಲ ಧ್ವನಿಗಳು ಒಟ್ಟಿಗೆ ಹಿಡಿದು ನಿಲ್ಲುವ ಸ್ವರಗಳ ಗುಂಪಿನಲ್ಲಿ, ಸಾಧಾರಣ ಗಾಂಧಾರ ಏರಿ ಅಂತರ ಗಾಂಧಾರ ಆಗುವುದೂ ಉಂಟು. ಇವನ್ನು ಒಂದೇ ಸಲ ಕೂತು ತೀರ್ಮಾನಿಸಿ ಎಲ್ಲ ಪ್ರತಿಗಳಲ್ಲೂ ಗುರುತು ಹಾಕಿಸಿ. ಅರ್ಧ ಜನ ಕೈಶಿಕಿ, ಅರ್ಧ ಜನ ಕಾಕಲಿ ಹಾಡಿದರೆ ಹೇಗಿರುತ್ತದೆ ಅಂತ ನಾನು ಕೇಳಿದ್ದೇನೆ. ಬೇಡ.

ಉಸಿರು ಎಲ್ಲರೂ ಒಟ್ಟಿಗೆ ತೆಗೆದುಕೊಳ್ಳಬಾರದು. ಪಕ್ಕದವರು ಹಾಡುತ್ತಿರುವಾಗ ನೀವು, ನೀವು ಹಾಡುತ್ತಿರುವಾಗ ಅವರು. ಉದ್ದ ಸ್ವರದ ನಡುವೆ ತೆಗೆದುಕೊಳ್ಳಿ, ಪದದ ಕೊನೆಯಲ್ಲಿ ಬೇಡ. ಕೇಳಲು ವಿಚಿತ್ರ, ಆದರೆ ಅದೇ ಸರಿ. ಪದದ ಕೊನೆಗೆ ಎಲ್ಲರೂ ತೆಗೆದುಕೊಳ್ಳುವುದರಿಂದ ಅಲ್ಲೇ ತೂತು ಬೀಳುತ್ತದೆ.

## 6. ಶ್ರುತಿ: ಗಮಕ ಬಿಡಿ, ಕೀಬೋರ್ಡ್ ಮುಚ್ಚಿ

ಕಾಯರ್‌ನಲ್ಲಿ ಕರ್ನಾಟಕ ಸಂಗೀತ ಕಲಿತವರಿದ್ದರೆ ಸ್ವರಜ್ಞಾನಕ್ಕೆ ಅವರೇ ಆಸರೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡಿ: ಸಾಧಾರಣ ಗಾಂಧಾರ ಕಂಡ ಕೂಡಲೇ ಅದನ್ನು ಅಲುಗಾಡಿಸುವುದು ಅವರಿಗೆ ರಕ್ತಗತ. ಇಲ್ಲಿ ಆ ಗ ಮೂರು ಜನರ ಸ್ವರಕ್ಕೆ ಅಂಟಿಕೊಂಡು ನಿಂತಿರುತ್ತದೆ. ಅಲುಗಾಡಿದರೆ ಎಲ್ಲವೂ ಅಲುಗಾಡುತ್ತದೆ. ಸ್ವರ ನೆಟ್ಟಗೆ ನಿಲ್ಲಲಿ.

ಅದೇ ಅವರಿಗೆ ಗೊತ್ತಿರುವ ಇನ್ನೊಂದು ವಿಷಯ ಬಹಳ ಉಪಯೋಗಕ್ಕೆ ಬರುತ್ತದೆ. ಚೆನ್ನಾಗಿ ಕೂಡಿಸಿದ ತಂಬೂರಿಯಲ್ಲಿ ಯಾರೂ ಮೀಟದ ಅಂತರ ಗಾಂಧಾರ ತಾನಾಗಿ ಕೇಳುತ್ತದೆ, ಅಲ್ವಾ? ಪಾಲಿಫನಿಯ ಕೊನೆಯ ಸ್ವರಮೇಳಕ್ಕೆ ಬೇಕಾದದ್ದು ಅದೇ ಗಾಂಧಾರ. ಕೀಬೋರ್ಡ್‌ನ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ ಮೇಲೆ ಇರುತ್ತದೆ, ಅಂದರೆ ಅರ್ಧ ಮೆಟ್ಟಿಲಿನ ಏಳನೇ ಒಂದು ಭಾಗ. ಕೀಬೋರ್ಡ್ ಹಿಡಿದು ಕಲಿತ ಕಾಯರ್‌ನ ಸ್ವರಮೇಳ ಯಾವಾಗಲೂ ಸ್ವಲ್ಪ ಚುಚ್ಚುತ್ತದೆ. ಕಾರಣ ಇದು.

ಅಭ್ಯಾಸ ಹೀಗೆ ಮಾಡಿ. ಶ್ರುತಿಪೆಟ್ಟಿಗೆಯ ಮೇಲೆ ಬೇಸ್‌ನವರು ಸ ಹಿಡಿಯಲಿ. ಟೆನರ್‌ನವರು ಪ ಸೇರಿಸಲಿ. ಈ ಎರಡು ಒಂದಾಗಿ ಕೂರುವ ತನಕ ಗ ಹಾಡುವವರು ಬಾಯಿ ತೆರೆಯುವಂತಿಲ್ಲ. ಆಮೇಲೆ ಗ ಹಾಡುವವರು ಮೆತ್ತಗೆ ಬರಲಿ, ಜಾಗ ಸಿಕ್ಕ ಮೇಲೆ ಧ್ವನಿ ಏರಿಸಲಿ. ಪ್ರತಿ ಚರಣದ ಕೊನೆಗೂ ಐದು ನಿಮಿಷ ಇದನ್ನೇ ಮಾಡಿ.

## 7. ಹೊಲಿಗೆ: ಚಾಂಟ್ ಮುಗಿದು ಪಾಲಿಫನಿ ಶುರುವಾಗುವ ಜಾಗ

ಐದನೇ ವಾರ ಪೂರ್ತಿ ಇದಕ್ಕೇ. ಒಟ್ಟು 11 ಹೊಲಿಗೆಗಳಿವೆ. ಬರೀ ಹೊಲಿಗೆಗಳನ್ನೇ ಅಭ್ಯಾಸ ಮಾಡಿ: ಚಾಂಟ್ ಚರಣದ ಕೊನೆಯ ನಾಲ್ಕು ಪದ, ಪಾಲಿಫನಿಯ ಮೊದಲ ನಾಲ್ಕು ಬಾರ್, ನಿಲ್ಲಿಸಿ. ಮುಂದಿನದು. ಮತ್ತೆ ಪಾಲಿಫನಿಯ ಕೊನೆ, ಚಾಂಟ್‌ನ ಗ, ಮ-ಪ, ನಿಲ್ಲಿಸಿ.

ಪ್ರತಿಯೊಬ್ಬರೂ ತಮ್ಮ ಪ್ರತಿಯಲ್ಲಿ ಬರೆದುಕೊಳ್ಳಬೇಕಾದ್ದು ಒಂದೇ: ಚಾಂಟ್ ಯಾವ ಸ್ವರದಲ್ಲಿ ನಿಲ್ಲುತ್ತದೆ, ಅಲ್ಲಿಂದ ನನ್ನ ಮೊದಲ ಸ್ವರ ಎಷ್ಟು ದೂರ. ಚಾಂಟ್ ಮ-ದಲ್ಲಿ ನಿಂತು ಟೆನರ್ ಪ-ದಲ್ಲಿ ಶುರುವಾದರೆ 'ಒಂದು ಮೇಲೆ'. ಬೇಸ್ ಸ-ದಲ್ಲಿ ಶುರುವಾದರೆ 'ಮ-ಗ-ರಿ-ಸ, ಇಳಿ'. ಕೊನೆಯ ಚಾಂಟ್ ಪದ ನಡೆಯುತ್ತಿರುವಾಗಲೇ ಪಾಲಿಫನಿಯವರು ತಮ್ಮ ಸ್ವರವನ್ನು ಒಳಗೊಳಗೇ ಹಾಡಿಕೊಂಡಿರಬೇಕು. ನಡುವೆ ಪಿಚ್ ಪೈಪ್ ಊದುವುದು ಬೇಡ. ಪ್ರಾರ್ಥನೆಯ ನಡುವೆ ಆರು ಸಲ ಪೀಪಿ ಕೇಳಿದರೆ ಜನರ ಮುಖ ನೋಡಬೇಕು.

ಅಪಾಯದ ಲಕ್ಷಣ ಒಂದಿದೆ. ಚಾಂಟ್ ಹಾಡುವವರು ಪ-ದಲ್ಲಿ ನಿಂತು ನಿಂತು ಕೂದಲೆಳೆಯಷ್ಟು ಕೆಳಗೆ ಜಾರುತ್ತಾರೆ. ಒಂದು ಚರಣಕ್ಕೆ ಗೊತ್ತಾಗುವುದಿಲ್ಲ, 8ನೇ ಚರಣದ ಹೊತ್ತಿಗೆ ಬೇಸ್‌ನವರು ತಮ್ಮ ಕೆಳಗಿನ ಸ್ವರ ಸಿಗದೆ ಪರದಾಡುತ್ತಾರೆ. ಪ್ರಾಕ್ಟೀಸ್‌ನಲ್ಲಿ 6ನೇ ಚರಣ ಮುಗಿದ ತಕ್ಷಣ ಫೋರ್ಕ್ ಬಡಿದು ನೋಡಿ. ಇಳಿದಿದ್ದರೆ ತಪ್ಪು ಪಾಲಿಫನಿಯಲ್ಲಿ ಹುಡುಕಬೇಡಿ. ಚಾಂಟ್‌ನಲ್ಲಿ ಮ-ದಿಂದ ಪ-ಗೆ ವಾಪಸ್ ಏರುವ ಆ ಒಂದು ಹೆಜ್ಜೆ ಚಿಕ್ಕದಾಗುತ್ತಿರುತ್ತದೆ. ಅಲ್ಲಿ ಸ್ವಲ್ಪ ಧಾರಾಳವಾಗಿ ಏರಿ ಅಂತ ಹೇಳಿ.

ವೇಗದ ಬಗ್ಗೆ ಎರಡೂ ಕಡೆಯವರಿಗೆ ಜಗಳ ಆಗುತ್ತದೆ. ಚಾಂಟ್‌ನವರು ಎಳೆಯುತ್ತಾರೆ, ಪಾಲಿಫನಿಯವರು ಓಡುತ್ತಾರೆ. ಚಾಂಟ್‌ನ ವೇಗ ಮೊದಲು ತೀರ್ಮಾನಿಸಿ. ಅದೇ ಮಾತಿನ ಓಟದಲ್ಲಿ ಪಾಲಿಫನಿಯ ಪದಗಳೂ ಅರ್ಥವಾಗುವಂತಿದ್ದರೆ ಸರಿ. ಪೂರ್ತಿ ಹಾಡು ಹೆಚ್ಚುಕಡಿಮೆ 7ರಿಂದ 10 ನಿಮಿಷದಲ್ಲಿ ಮುಗಿಯಬೇಕು. 12 ದಾಟಿದರೆ ಎಲ್ಲೋ ಎಳೆಯುತ್ತಿದ್ದೀರಿ.

## 8. ಸಂಜೆಯ ಪ್ರಾರ್ಥನೆಯ ಒಳಗೆ

ಆರನೇ ವಾರ ಚರ್ಚಿನ ಗುರುಗಳ ಜೊತೆ ಕೂತು ಕ್ರಮ ಖಾತ್ರಿ ಮಾಡಿಕೊಳ್ಳಿ. ಈಗಿನ ಕ್ರಮದಲ್ಲಿ ಶುರುವಿಗೆ ಸ್ತೋತ್ರಗೀತೆ, ಎರಡು ಕೀರ್ತನೆ, ಹೊಸ ಒಡಂಬಡಿಕೆಯ ಒಂದು ಗೀತೆ, ಚಿಕ್ಕ ವಾಚನ, ಪ್ರತಿವಚನ, ಆಮೇಲೆ ಮಾಞಿಫಿಕಾತ್. ಅದಾದ ಮೇಲೆ ಕೋರಿಕೆಗಳು, ಪರಲೋಕ ಪ್ರಾರ್ಥನೆ. ವಾಚನ ಕೇಳಲು ಕೂತಿರುವ ಕಾಯರ್ ಮಾಞಿಫಿಕಾತ್‌ಗೆ ಏಳಬೇಕು. ಎದ್ದು, ಫೈಲ್ ತೆರೆದು, ಉಸಿರು ತೆಗೆದುಕೊಳ್ಳಲು ಆಂಟಿಫನ್‌ನಷ್ಟೇ ಸಮಯ ಇರುವುದು. ಇದನ್ನೂ ಒಮ್ಮೆ ಅಭ್ಯಾಸ ಮಾಡಿ, ನಗಬೇಡಿ.

'ಮಾಞಿಫಿಕಾತ್' ಅಂತ ಶುರುವಾದ ಕೂಡಲೇ ಎಲ್ಲರೂ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ, ಚಾಂಟ್ ಹಾಡುವವರೂ. ಫೈಲ್ ಎಡಗೈಯಲ್ಲಿ ಇರಲಿ. 11ನೇ ಚರಣ 'ಗ್ಲೋರಿಯಾ ಪಾತ್ರಿ'ಗೆ ತಲೆ ಬಾಗಿಸುತ್ತಾರೆ. ಬಾಗಿಸಿದವರು ಕಂಡಕ್ಟರ್ ಕೈ ನೋಡದೆ 12ನೇ ಚರಣ ತಪ್ಪಿಸಿಕೊಳ್ಳಬಾರದು. ಧ್ವನಿ ಹೆಚ್ಚುವ ಚರಣ ಅದೇ ಆಗಿರುವುದರಿಂದ ಆ ಹೊಲಿಗೆಯನ್ನು ಉಳಿದವಕ್ಕಿಂತ ಎರಡು ಪಟ್ಟು ಅಭ್ಯಾಸ ಮಾಡಿ.

ಹಬ್ಬದ ದಿನ ಈ ಹಾಡಿನ ಹೊತ್ತಿಗೆ ಪೀಠಕ್ಕೆ ಧೂಪ ಹಾಕುವುದುಂಟು. ಹೊಗೆ ಕಾಯರ್ ಕಡೆ ಬರುತ್ತದೆಯಾ, ಫ್ಯಾನ್ ಯಾವ ಕಡೆ ತಿರುಗಿದೆ ಅಂತ ಮೊದಲೇ ನೋಡಿಕೊಳ್ಳಿ. ಧೂಪ ಇನ್ನೂ ನಡೆಯುತ್ತಿದ್ದರೂ ಹಾಡನ್ನು ಎಳೆಯಬೇಡಿ. ಹಾಡು ಬೇಗ ಮುಗಿದರೆ ಒಂದು ನಿಮಿಷ ಮೌನ ಇದ್ದರೆ ಏನೂ ಕೆಡುವುದಿಲ್ಲ.

ಜನರಿಗೆ ಒಂದು ಹಾಳೆ ಕೊಡಿ: ಎಡಕ್ಕೆ ಕನ್ನಡ ಲಿಪಿಯಲ್ಲಿ ಲ್ಯಾಟಿನ್, ಬಲಕ್ಕೆ ಅರ್ಥ. ಚಾಂಟ್ ಚರಣಗಳನ್ನು ದಪ್ಪ ಅಕ್ಷರದಲ್ಲಿ ಹಾಕಿದರೆ ಕೆಲವರು ತಾವಾಗಿಯೇ ದನಿಗೂಡಿಸುತ್ತಾರೆ. ಪ್ರಾರ್ಥನೆಗೆ ಬಂದವರು ಕೇಳುಗರಾಗಿ ಮಾತ್ರ ನಿಲ್ಲಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹಾಗೆ ಮಾಡುವುದಾದರೆ ಪ ಸ್ವಲ್ಪ ಕೆಳಗಿಡಿ.

ಕೊನೆಯ ಒಂದು ಎಚ್ಚರಿಕೆ. 12ನೇ ಚರಣದ 'ಆಮೆನ್' ದೊಡ್ಡದಾಗಿ ಮುಗಿಯುತ್ತದೆ. ಕಾಯರ್‌ನವರು ಮುಗಿಯಿತು ಅಂತ ಉಸಿರು ಬಿಟ್ಟು ಫೈಲ್ ಮುಚ್ಚುತ್ತಾರೆ, ಯಾರೋ ಒಬ್ಬರು ನೀರಿನ ಬಾಟಲಿಗೆ ಕೈ ಹಾಕುತ್ತಾರೆ. ಮುಗಿದಿಲ್ಲ. ಆಂಟಿಫನ್ ಇನ್ನೊಮ್ಮೆ ಹಾಡಬೇಕು, ಒಂದೇ ಧ್ವನಿಯಲ್ಲಿ, ಈಗಷ್ಟೇ ಮುಗಿದ ಸ್ವರಮೇಳದ ಸ ಹಿಡಿದು. ಪ್ರತಿಯ ಕೊನೇ ಪುಟದಲ್ಲಿ 'ಆಮೆನ್'ನ ಕೆಳಗೆ ಪೆನ್ಸಿಲ್‌ನಲ್ಲಿ ದಪ್ಪಗೆ ಬರೆಸಿ: 'ಫೈಲ್ ಮುಚ್ಚಬೇಡಿ, ಆಂಟಿಫನ್ ಇದೆ.'